ಬೇಸ್ ಆಂಪ್ ಕೊಳ್ಳುವ ಮುಂಚೆ ಪ್ಯಾನೆಲ್ ಓದಿ: ಯಾವ ನಾಬ್ ಬೇಕು, ಯಾವ ಲೈಟ್ ಬೇಕು

ಬೇಸ್ ಗಿಟಾರ್ ಕೊಂಡು ಒಂದೆರಡು ತಿಂಗಳಾದವರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ವ್ಯಾಟಿನ ಆಂಪ್ ತಗೊಳ್ಳಲಿ?" ಮನಸ್ಸಿನಲ್ಲಿರುವ ಎರಡು ಆಂಪುಗಳ (ಸದ್ದು ಜೋರು ಮಾಡುವ ಆಂಪ್ಲಿಫೈಯರುಗಳ) ಪ್ಯಾನೆಲ್ಲಿನ, ಅಂದರೆ ನಾಬುಗಳಿರುವ ಪಟ್ಟಿಯ, ಫೋಟೋ ಕಳಿಸಿ ಎನ್ನುತ್ತೇನೆ ನಾನು. ವ್ಯಾಟ್ ಎಷ್ಟು ಅನ್ನೋದು ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಇರುತ್ತದೆ, ಯಾರು ಬೇಕಾದರೂ ಓದಬಹುದು. ಬ್ಯಾಂಡಿನ ಜೊತೆ ನುಡಿಸುವಾಗ ನಿಮ್ಮ ಸದ್ದು ಕೇಳಿಸುತ್ತದಾ, ಅದು ಒಡೆಯುತ್ತಿದ್ದರೆ ನಿಮಗೆ ಗೊತ್ತಾಗುತ್ತದಾ ಅನ್ನೋದೆಲ್ಲ ಪ್ಯಾನೆಲ್ಲಿನ ನಾಬು, ಬಟನ್ನು, ಸಾಸಿವೆ ಕಾಳಿನಷ್ಟಿರುವ ಲೈಟುಗಳಲ್ಲಿದೆ.

ಎರಡು ಆಂಪುಗಳನ್ನು ಹೋಲಿಸುವಾಗ ನಾನು ಮೊದಲು ನೋಡುವುದು ಮಧ್ಯದ ಸದ್ದನ್ನು ಏರಿಸಿ ಇಳಿಸುವ ಮಿಡ್ ನಾಬ್ ಹೇಗಿದೆ, ಸದ್ದು ಒಡೆಯುವಾಗ ಹತ್ತುವ ಕ್ಲಿಪ್ ಲೈಟ್ ಇದೆಯಾ ಎಂದು. ಇವೆರಡೂ ಸರಿಯಿರುವ 30 ವ್ಯಾಟಿನ ಆಂಪು, ಇವೆರಡೂ ಇಲ್ಲದ 60 ವ್ಯಾಟಿನದಕ್ಕಿಂತ ಮೇಲು ಎಂದು ಧೈರ್ಯವಾಗಿ ಹೇಳುತ್ತೇನೆ. ಕಾರಣ ಇದೆ. ವ್ಯಾಟ್ ಎರಡರಷ್ಟಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಪಟ್ಟು ವ್ಯಾಟ್ ಬೇಕು. 25ರಿಂದ 50ಕ್ಕೆ ಹೋಗಲು ಜಾಸ್ತಿ ದುಡ್ಡು ಕೊಡುವ ಮುಂಚೆ ಈ ಲೆಕ್ಕ ತಲೆಯಲ್ಲಿರಲಿ.

ಒಂದೇ ವಾಲ್ಯೂಮ್ ನಾಬೋ, ಗೇನ್ ಮತ್ತು ಮಾಸ್ಟರ್ ಎರಡೂ ಇರುವುದೋ

ಸಣ್ಣ ಆಂಪುಗಳಲ್ಲಿ ಎರಡು ಬಗೆ. ಹಾರ್ಟ್‌ಕೆ ಎಚ್‌ಡಿ25 ತರಹದ್ದರಲ್ಲಿ ಒಂದೇ ವಾಲ್ಯೂಮ್ ನಾಬ್, ಪಕ್ಕದಲ್ಲಿ ಬೇಸ್, ಮಿಡ್, ಟ್ರೆಬಲ್, ಅಷ್ಟೇ. ಫೆಂಡರ್ ರಂಬಲ್ 40 ತರಹದ್ದರಲ್ಲಿ ಒಂದು ತುದಿಗೆ ಗೇನ್, ಇನ್ನೊಂದು ತುದಿಗೆ ಮಾಸ್ಟರ್. ಎರಡನ್ನು ತಿರುಗಿಸಿದರೂ ಸದ್ದು ಏರುತ್ತದೆ. ಹಾಗಾಗಿ ಹೊಸಬರಿಗೆ ಎರಡೂ ಒಂದೇ ಅನ್ನಿಸುವುದು ಸಹಜ.

ನಮ್ಮ ಮನೆಗಳ ನೀರಿನ ವ್ಯವಸ್ಥೆ ನೆನೆಸಿಕೊಳ್ಳಿ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಮೋಟರು ಇದ್ದಂತೆ ಗೇನ್. ಟ್ಯಾಂಕಿನಿಂದ ನೀರು ಬಿಡುವ ನಲ್ಲಿ ಇದ್ದಂತೆ ಮಾಸ್ಟರ್. ಟ್ಯಾಂಕು ತುಂಬಿ ತಾರಸಿಯ ಮೇಲೆಲ್ಲ ಹರಿಯುತ್ತಿರುವಾಗ ಅಡುಗೆಮನೆಯ ನಲ್ಲಿ ಸಣ್ಣ ಮಾಡಿ ಏನು ಪ್ರಯೋಜನ? ಮೋಟರನ್ನೇ ನಿಲ್ಲಿಸಬೇಕು. ಹಾಗೇ, ಗೇನ್ ಜಾಸ್ತಿಯಾಗಿ ಪ್ರೀಆಂಪಿನಲ್ಲೇ (ಆಂಪಿನೊಳಗಿನ ಮೊದಲ ಹಂತದಲ್ಲೇ) ಸದ್ದು ಒಡೆದರೆ ಮಾಸ್ಟರ್ ಎಷ್ಟು ಇಳಿಸಿದರೂ ಅದೇ ಒಡೆದ ಸದ್ದು ಸಣ್ಣಗೆ ಕೇಳುತ್ತದೆ.

ಮನೆಯಲ್ಲಿ ಕೂತು ಕಲಿಯುವವರಿಗೆ, ಒಂದೇ ಗಿಟಾರ್ ಇರುವವರಿಗೆ ಒಂಟಿ ವಾಲ್ಯೂಮ್ ಧಾರಾಳ ಸಾಕು. ತಲೆಬಿಸಿ ಕಡಿಮೆ, ತಪ್ಪುವ ಸಾಧ್ಯತೆಯೂ ಕಡಿಮೆ. ಎರಡು ಗಿಟಾರ್ ಬದಲಿಸಿ ನುಡಿಸುವವರು, ಹೆಬ್ಬೆರಳಿನಿಂದ ತಂತಿಗೆ ಹೊಡೆದು ಸ್ಲ್ಯಾಪ್ ಮಾಡುವವರು, ಬೇರೆಬೇರೆ ಜಾಗಗಳಿಗೆ ಆಂಪ್ ಹೊತ್ತೊಯ್ಯುವವರು ಗೇನ್ ಮತ್ತು ಮಾಸ್ಟರ್ ಎರಡೂ ಇರುವುದನ್ನೇ ತಗೊಳ್ಳಿ. ಗಿಟಾರಿಗೆ ತಕ್ಕಂತೆ ಗೇನ್ ಒಮ್ಮೆ ಹೊಂದಿಸಿಟ್ಟರೆ, ಆಮೇಲೆ ಹಾಲಿಗೆ ತಕ್ಕಂತೆ ಮಾಸ್ಟರ್ ಮಾತ್ರ ಮುಟ್ಟಿದರೆ ಸಾಕು.

ಇನ್‌ಪುಟ್ ತೂತಿನ ಬಳಿ ಪ್ಯಾಡ್ ಎಂಬ ಬಟನ್ ಇರಬಹುದು, ಇಲ್ಲವೇ ಎರಡು ತೂತುಗಳಿದ್ದು ಒಂದಕ್ಕೆ 0, ಇನ್ನೊಂದಕ್ಕೆ ಮೈನಸ್ 15 ಡೆಸಿಬೆಲ್ ಎಂದು ಬರೆದಿರಬಹುದು. ಆಂಪೆಗ್ ಆಂಪುಗಳಲ್ಲಿ ಇದನ್ನು ನೋಡಬಹುದು. 9 ವೋಲ್ಟಿನ ಬ್ಯಾಟರಿ ಹಾಕುವ ಆಕ್ಟಿವ್ ಗಿಟಾರುಗಳ ಸಿಗ್ನಲ್ ಜೋರಾಗಿರುತ್ತದೆ, ಅದನ್ನು ತಗ್ಗಿಸಲು ಇದು. ನಿಮ್ಮದು ಬ್ಯಾಟರಿಯಿಲ್ಲದ ಪ್ಯಾಸಿವ್ ಗಿಟಾರ್ ಆಗಿದ್ದರೆ ಇದನ್ನು ಲೆಕ್ಕಕ್ಕೇ ತಗೊಳ್ಳಬೇಡಿ.

ಮೂರು ನಾಬಿನ ಈಕ್ಯೂ, ನಾಲ್ಕು ನಾಬಿನದು, ಜರುಗಿಸಬಹುದಾದ ಮಿಡ್

ಈಕ್ಯೂ ಅಂದರೆ ಸದ್ದಿನ ಕೆಳಗಿನ, ಮಧ್ಯದ, ಮೇಲಿನ ಭಾಗಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ನಾಬುಗಳು. ನನಗೆ ಹೆಚ್ಚು ಹೇಳುವುದಿರುವುದು ಇಲ್ಲಿ. ಬೇಸ್ ಗಿಟಾರ್ ಅಂದಮೇಲೆ ಬೇಸ್ ನಾಬೇ ಮುಖ್ಯ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅಂಗಡಿಗೆ ಹೋದವರ ಕೈ ಮೊದಲು ಹೋಗುವುದೂ ಅದಕ್ಕೇ. ಸ್ವಲ್ಪ ಲೆಕ್ಕ ನೋಡೋಣ.

ನಾಲ್ಕು ತಂತಿಯ ಬೇಸಿನಲ್ಲಿ ದಪ್ಪ ಇ ತಂತಿ ಕಂಪಿಸುವುದು ಸೆಕೆಂಡಿಗೆ ಸುಮಾರು 41 ಸಲ, ಅಂದರೆ 41 ಹರ್ಟ್ಜ್. ಎ ತಂತಿ 55, ಡಿ ಸುಮಾರು 73, ಜಿ 98. ಐದು ತಂತಿಯ ಬೇಸಾದರೆ ಬಿ ತಂತಿ 31ರ ಆಸುಪಾಸು. 8 ಇಂಚಿನ ಸ್ಪೀಕರಿನ ಸಣ್ಣ ಪೆಟ್ಟಿಗೆಯಿಂದ 41 ಹರ್ಟ್ಜ್ ಸದ್ದು ಜೋರಾಗಿ ಹೊರಗೆ ಬರುವುದೇ ಇಲ್ಲ. ನಮಗೆ ಕೇಳಿಸುವುದು ಹೆಚ್ಚಾಗಿ ಅದರ ಮೇಲಿನ ಸ್ವರಾಂಶಗಳು, ಅಂದರೆ ಸುಮಾರು 82, 124, 165 ಹೀಗೆ ಏರುತ್ತಾ ಹೋಗುವವು. ಅವುಗಳಿಂದಲೇ ನಮ್ಮ ಕಿವಿ "ಇದು ಕೆಳಗಿನ ಇ" ಎಂದು ಗುರುತು ಹಿಡಿಯುತ್ತದೆ.

ಈಗ ಬೇಸ್ ನಾಬನ್ನು ಬಲಕ್ಕೆ ತಿರುಗಿಸಿ 6 ಡೆಸಿಬೆಲ್ ಏರಿಸಿದಿರಿ ಅನ್ನಿ. ಆ ಭಾಗದ ಸದ್ದಿಗೆ ಆಂಪು ನಾಲ್ಕು ಪಟ್ಟು ವ್ಯಾಟ್ ಕೊಡಬೇಕು. ಸ್ಪೀಕರಿಗೆ ಅದನ್ನು ಹೊರಹಾಕಲು ಆಗುವುದಿಲ್ಲ. ಕೋನ್ ಮಾತ್ರ ಹಿಂದೆ ಮುಂದೆ ಪಟಪಟ ಹೊಡೆದುಕೊಳ್ಳುತ್ತದೆ. ಆಂಪಿನ ಶಕ್ತಿಯೆಲ್ಲ ಕೇಳಿಸದ ಸದ್ದಿಗೆ ಖರ್ಚಾಗಿ, ಕೇಳಿಸಬೇಕಾದ ಸದ್ದಿಗೆ ಏನೂ ಉಳಿಯುವುದಿಲ್ಲ. ಸಣ್ಣ ಆಂಪು "ಗೊರಗೊರ" ಅನ್ನುತ್ತಿದ್ದರೆ ಬೇಸ್ ನಾಬನ್ನು ಮಧ್ಯಕ್ಕಿಂತ ತುಸು ಎಡಕ್ಕೆ ಇಳಿಸಿ ನೋಡಿ. ಅದೇ ಆಂಪು ಮೊದಲಿಗಿಂತ ಜೋರಾಗಿ, ಸ್ಪಷ್ಟವಾಗಿ ನುಡಿಯುತ್ತದೆ.

ನಿಮ್ಮ ಸ್ವರ ಗುಂಪಿನಲ್ಲಿ ಕೇಳಿಸುವಂತೆ ಮಾಡುವುದು ಮಿಡ್, ಸುಮಾರು 250ರಿಂದ 1,000 ಹರ್ಟ್ಜ್‌ವರೆಗಿನ ಭಾಗ. ನಮ್ಮ ಆರ್ಕೆಸ್ಟ್ರಾಗಳಲ್ಲಿ ನುಡಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಕೀಬೋರ್ಡಿನವರ ಎಡಗೈ, ಢೋಲಕ್ಕಿನ ದಪ್ಪ ಮಗ್ಗುಲು, ತಬಲದ ಡಗ್ಗ, ರಿದಮ್ ಪ್ಯಾಡಿನ ಕಿಕ್, ಎಲ್ಲವೂ ಕೆಳಗಿನ ಸದ್ದಿನಲ್ಲೇ ಕೂತಿರುತ್ತವೆ. ಅಲ್ಲಿ ನೀವೂ ಹೋಗಿ ಗುದ್ದಾಡಿದರೆ ಒಟ್ಟಿನಲ್ಲಿ ಒಂದು ಗುಂಯ್ ಅನ್ನುವ ಮುದ್ದೆ ಆಗುತ್ತದೆ ಅಷ್ಟೇ. ಮಿಡ್ ಸ್ವಲ್ಪ ಏರಿಸಿದರೆ ನಿಮ್ಮ ಬೆರಳು ತಂತಿ ಮೀಟಿದ ಸದ್ದು ಎದ್ದು ನಿಲ್ಲುತ್ತದೆ.

ಆದ್ದರಿಂದ ಎರಡು ಆಂಪುಗಳನ್ನು ಹೋಲಿಸುವಾಗ ಮಿಡ್ ಎಷ್ಟು ನಿಮ್ಮ ಕೈಯಲ್ಲಿದೆ ಎಂದು ನೋಡಿ. ಮೂರು ನಾಬಿನ ಈಕ್ಯೂನಲ್ಲಿ ಒಂದೇ ಮಿಡ್ ಇರುತ್ತದೆ, ಅದು ಯಾವ ಜಾಗದಲ್ಲಿ ಕೆಲಸ ಮಾಡಬೇಕೆಂದು ತಯಾರಕರೇ ತೀರ್ಮಾನಿಸಿರುತ್ತಾರೆ. ರಂಬಲ್ 40ರಲ್ಲಿ ಲೋ ಮಿಡ್, ಹೈ ಮಿಡ್ ಬೇರೆಬೇರೆ. ಲೋ ಮಿಡ್ ಮೈಕಟ್ಟು ಕೊಡುತ್ತದೆ, ಹೈ ಮಿಡ್ ಬೆರಳಿನ ಸದ್ದು ತರುತ್ತದೆ. ಆರೆಂಜ್ ಕ್ರಷ್ ಬೇಸ್ 25ರಲ್ಲಿ ಇನ್ನೊಂದು ದಾರಿ ಹಿಡಿದಿದ್ದಾರೆ. ಮಿಡ್ ಒಂದೇ, ಆದರೆ ಪಕ್ಕದಲ್ಲೊಂದು ಫ್ರೀಕ್ವೆನ್ಸಿ ನಾಬ್ ಇದೆ. ಏರಿಸುವ ಇಳಿಸುವ ಜಾಗವನ್ನೇ ಆಚೀಚೆ ಜರುಗಿಸಬಹುದು. ಹಾಲಿನಲ್ಲಿ ಯಾವುದೋ ಒಂದು ಸ್ವರ ಮಾತ್ರ ಗುಡುಗುಟ್ಟುತ್ತಿದ್ದರೆ, ಮಿಡ್ ಇಳಿಸಿ, ಫ್ರೀಕ್ವೆನ್ಸಿ ನಾಬನ್ನು ನಿಧಾನವಾಗಿ ತಿರುಗಿಸಿ. ಆ ಗುಡುಗು ನಾಬಿನ ವ್ಯಾಪ್ತಿಯೊಳಗಿದ್ದರೆ ಸಿಕ್ಕಿಬೀಳುತ್ತದೆ. 25 ವ್ಯಾಟಿನ, 8 ಇಂಚಿನ ಆಂಪಿನಲ್ಲಿ ಇಂಥ ಸೌಕರ್ಯ ಕೊಟ್ಟಿರುವುದು ನನಗೆ ತುಂಬಾ ಇಷ್ಟ. ಅದರ ಪ್ಯಾನೆಲ್ಲಿನ ಮೇಲೆ ಪುಟ್ಟ ಚಿತ್ರಗಳೂ ಇವೆ. ಬೇಸ್ ಕ್ಲೆಫ್, ಟ್ರೆಬಲ್ ಕ್ಲೆಫ್ ಗುರುತುಗಳು ನೊಟೇಶನ್ ಓದುವವರಿಗೆ ಕೂಡಲೇ ತಿಳಿಯುತ್ತವೆ.

ಹೆಸರು ಒಂದೇ ಆದರೂ ನಾಬುಗಳು ಒಂದೇ ಅಲ್ಲ. ಇಟಲಿಯ ಮಾರ್ಕ್‌ಬೇಸ್ ಕಂಪನಿಯ ಲಿಟ್ಲ್ ಮಾರ್ಕ್ ಹೆಡ್ಡಿನಲ್ಲಿ (ಹೆಡ್ ಅಂದರೆ ಒಳಗೆ ಸ್ಪೀಕರ್ ಇಲ್ಲದ ಆಂಪು) ನಾಲ್ಕು ನಾಬುಗಳು 40, 360, 800, 10,000 ಹರ್ಟ್ಜ್‌ನಲ್ಲಿ ಕೆಲಸ ಮಾಡುತ್ತವೆ. ಗ್ಯಾಲಿಯನ್ ಕ್ರೂಗರ್ ಎಂಬಿ ಸಾಲಿನಲ್ಲಿ ಅವೇ ನಾಲ್ಕು 60, 250, 1,000, 7,000 ಹರ್ಟ್ಜ್. ಒಂದರಲ್ಲಿ ಲೋ ಮಿಡ್ ಎರಡು ಗೆರೆ ಏರಿಸಿದ್ದೆ ಎಂದು ಇನ್ನೊಂದರಲ್ಲೂ ಹಾಗೇ ಇಟ್ಟರೆ ಬೇರೆ ಸದ್ದು ಬರುತ್ತದೆ. ಬೇರೆಯವರ ಸೆಟ್ಟಿಂಗ್ ನೋಡಿ ನಾಬ್ ತಿರುಗಿಸುವವರಿಗೆ ಈ ಮಾತು.

ಆಕಾರ ಬದಲಿಸುವ ಬಟನ್ನುಗಳು

ರಂಬಲ್ 40ರಲ್ಲಿ ಬ್ರೈಟ್, ಕಾಂಟೂರ್, ವಿಂಟೇಜ್ ಎಂದು ಮೂರು ಬಟನ್. ಆಂಪೆಗ್ ಹೆಡ್ಡುಗಳಲ್ಲಿ ಅಲ್ಟ್ರಾ ಹೈ, ಅಲ್ಟ್ರಾ ಲೋ. ಮಾರ್ಕ್‌ಬೇಸಿನಲ್ಲಿ ವಿಪಿಎಫ್, ವಿಎಲ್ಇ ಎಂಬ ಎರಡು ನಾಬ್. ವಿಎಲ್ಇ ತಿರುಗಿಸಿದರೆ ಮೇಲಿನ ಚುರುಕು ಸದ್ದು ಕರಗಿ ಹಳೆಯ ಸ್ಪೀಕರಿನ ಮೆದುತನ ಬರುತ್ತದೆ. ವಿಂಟೇಜ್ ಬಟನ್ನಿನದೂ ಹೆಚ್ಚುಕಡಿಮೆ ಅದೇ ದಾರಿ. ಬ್ರೈಟ್, ಅಲ್ಟ್ರಾ ಹೈ ಚುರುಕು ಹೆಚ್ಚಿಸುತ್ತವೆ.

ಎಚ್ಚರ ಬೇಕಾದದ್ದು ಕಾಂಟೂರ್, ಅಲ್ಟ್ರಾ ಲೋ, ವಿಪಿಎಫ್ ವಿಷಯದಲ್ಲಿ. ಮೂರೂ ಮಧ್ಯದ ಸದ್ದನ್ನು ತೋಡಿ ತೆಗೆಯುತ್ತವೆ. ವಿಪಿಎಫ್ ತೋಡುವುದು 380 ಹರ್ಟ್ಜ್ ಸುತ್ತಮುತ್ತ. ಒಬ್ಬರೇ ಕೂತು ನುಡಿಸುವಾಗ ಇದು ಎಷ್ಟು ಚೆಂದ ಕೇಳುತ್ತದೆ ಅಂದರೆ, ಒತ್ತಿದ ಬಟನ್ ಮತ್ತೆ ಬಿಡಲು ಮನಸ್ಸೇ ಬರುವುದಿಲ್ಲ. ಮನೆಯಲ್ಲಿ ನಾನು ಎಷ್ಟೋ ದಿನ ಹಾಗೇ ನುಡಿಸಿದೆ. ಮೊದಲ ಸಲ ಡ್ರಮ್ಮಿನವರ ಪಕ್ಕ ನಿಂತಾಗ ನನ್ನ ಸದ್ದು ಎಲ್ಲಿ ಹೋಯಿತು ಎಂದೇ ತಿಳಿಯಲಿಲ್ಲ. ಕಾಲಿಗೆ ನಡುಕ ತಾಗುತ್ತಿತ್ತು, ಸ್ವರ ಮಾತ್ರ ಕೇಳುತ್ತಿರಲಿಲ್ಲ. ವಾಲ್ಯೂಮ್ ಏರಿಸಿದಷ್ಟೂ ನಡುಕ ಜಾಸ್ತಿಯಾಯಿತು. ಕೊನೆಗೆ ಆ ಬಟನ್ ಬಿಟ್ಟು, ವಾಲ್ಯೂಮ್ ಇನ್ನೂ ಇಳಿಸಿದಾಗ ಪ್ರತಿ ಸ್ವರವೂ ಕೇಳಿತು.

ಅಂಗಡಿಯಲ್ಲಿ ಪರೀಕ್ಷಿಸುವಾಗ ಇಂಥ ಬಟನ್ನುಗಳೆಲ್ಲ ಬಿಟ್ಟಿರಲಿ, ಈಕ್ಯೂ ನಾಬುಗಳೆಲ್ಲ 12 ಗಂಟೆಯ ಮುಳ್ಳಿನ ಹಾಗೆ ನೆಟ್ಟಗಿರಲಿ. ಆ ಸ್ಥಿತಿಯಲ್ಲಿ ಯಾವ ಆಂಪಿನ ಸದ್ದು ನಿಮಗೆ ಹಿಡಿಸುತ್ತದೋ ಅದೇ ನಿಮ್ಮದು. ಬಟನ್ ಒತ್ತಿದರೆ ಮಾತ್ರ ಚೆನ್ನಾಗಿ ಕೇಳುವ ಆಂಪನ್ನು ನಾನು ಕೊಳ್ಳುವುದಿಲ್ಲ.

ಲೈಟುಗಳು: ಯಾವುದು ಏನು ಹೇಳುತ್ತದೆ

ಮೊದಲಿಗೆ ಒಂದು ವಿಷಯ. ಕೆಂಪು ಅಂದ ಕೂಡಲೇ ಅಪಾಯ ಅಂತಲ್ಲ. ಎಷ್ಟೋ ಆಂಪುಗಳಲ್ಲಿ ಪವರ್ ಲೈಟೇ ಕೆಂಪು. ಬಣ್ಣ ನೋಡಿ ಅರ್ಥ ಮಾಡಬೇಡಿ, ಲೈಟಿನ ಪಕ್ಕ ಬರೆದಿರುವ ಪದ ನೋಡಿ, ಅದು ಯಾವ ನಾಬಿನ ಪಕ್ಕ ಇದೆ ಅಂತ ನೋಡಿ. ಗೇನ್ ಪಕ್ಕದ ಲೈಟು ಗೇನಿನ ಮಾತೇ ಆಡುತ್ತಿರುತ್ತದೆ.

ಕ್ಲಿಪ್ ಅಥವಾ ಪೀಕ್ ಲೈಟ್ ಇದ್ದರೆ ನಿಮ್ಮ ಪಕ್ಕದಲ್ಲೊಬ್ಬ ಸೌಂಡ್ ಎಂಜಿನಿಯರ್ ಕೂತಂತೆ. ಸಿಗ್ನಲ್ಲು ಪ್ರೀಆಂಪಿಗೆ ತಡೆಯುವಷ್ಟಕ್ಕಿಂತ ಜೋರಾದಾಗ ಅದರ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ. ಅದೇ ಕ್ಲಿಪ್ಪಿಂಗ್. ಕಿವಿಗೆ ಅದು ಸ್ವರದ ಆರಂಭದಲ್ಲಿ ಬಟ್ಟೆ ಹರಿದ ಹಾಗೆ "ಪರ್" ಎಂದು ಕೇಳುತ್ತದೆ. ಬೇಸ್ ಗಿಟಾರಿನಲ್ಲಿ ಈ ಸದ್ದು ಬೇಗ ಗೊತ್ತಾಗುವುದಿಲ್ಲ, ದಪ್ಪ ತಂತಿಯ ಗುನುಗಿನೊಳಗೆ ಅಡಗಿಬಿಡುತ್ತದೆ. ಅದಕ್ಕೇ ಲೈಟು ಬೇಕು.

ಗೇನ್ ಹೊಂದಿಸುವುದು ಹೀಗೆ. ಮಾಸ್ಟರ್ ಸಣ್ಣ ಮಾಡಿ. ಗಿಟಾರಿನ ನಾಬುಗಳನ್ನು ಪೂರ್ತಿ ತೆರೆಯಿರಿ. ಕಾರ್ಯಕ್ರಮದಲ್ಲಿ ನೀವು ಎಷ್ಟು ಜೋರಾಗಿ ಮೀಟುತ್ತೀರೋ ಅಷ್ಟೇ ಜೋರಾಗಿ ಇ ತಂತಿ ಮೀಟಿ, ಸ್ಲ್ಯಾಪ್ ಮಾಡುವವರಾದರೆ ಸ್ಲ್ಯಾಪ್ ಮಾಡಿ. ಗೇನ್ ನಿಧಾನಕ್ಕೆ ಏರಿಸುತ್ತಾ ಹೋಗಿ. ಒಂದು ಹಂತದಲ್ಲಿ ಲೈಟು ಕಣ್ಣು ಮಿಟುಕಿಸಿದಂತೆ ಮಿನುಗುತ್ತದೆ. ಅಲ್ಲಿಂದ ಕೂದಲೆಳೆಯಷ್ಟು ಹಿಂದಕ್ಕೆ ತನ್ನಿ. ಜೋರು ಮೀಟಿದಾಗ ಅಪರೂಪಕ್ಕೊಮ್ಮೆ ಮಿನುಗಿದರೆ ತೊಂದರೆಯಿಲ್ಲ. ಉರಿದುಕೊಂಡೇ ಇದ್ದರೆ ಇಳಿಸಲೇಬೇಕು. ಈಕ್ಯೂ ನಾಬುಗಳನ್ನು ಏರಿಸಿದ ಮೇಲೆ ಇನ್ನೊಮ್ಮೆ ನೋಡಿ, ಯಾಕೆಂದರೆ ಅವೂ ಸಿಗ್ನಲ್ ಹೆಚ್ಚಿಸುತ್ತವೆ.

ಈ ಲೈಟಿನಿಂದ ಇನ್ನೊಂದು ಉಪಯೋಗ ಇದೆ. ಸದ್ದು ಒಡೆಯುತ್ತಿದೆ, ಕ್ಲಿಪ್ ಲೈಟು ಉರಿಯುತ್ತಿಲ್ಲ ಅಂತಿಟ್ಟುಕೊಳ್ಳಿ. ಹಾಗಾದರೆ ತೊಂದರೆ ಪ್ರೀಆಂಪಿನಲ್ಲಿ ಇಲ್ಲ. ಗಿಟಾರ್ ಆಕ್ಟಿವ್ ಆಗಿದ್ದರೆ ಮೊದಲು ಬ್ಯಾಟರಿ ಬದಲಿಸಿ. ಬ್ಯಾಟರಿ ಸೋತಾಗ ಸದ್ದು ಹೀಗೇ ಹರಿಯುತ್ತದೆ, ಜನ ಆಂಪನ್ನು ಬೈಯುತ್ತಾರೆ. ಬ್ಯಾಟರಿ ಸರಿಯಿದ್ದರೆ ಮಾಸ್ಟರ್ ಇಳಿಸಿ. ಇಳಿಸಿದ ಕೂಡಲೇ ಸದ್ದು ಸ್ವಚ್ಛವಾದರೆ ಪವರ್ ಆಂಪೋ (ಸ್ಪೀಕರಿಗೆ ಶಕ್ತಿ ಕೊಡುವ ಕೊನೆಯ ಹಂತ) ಸ್ಪೀಕರೋ ಸುಸ್ತಾಗಿದೆ ಎಂದು ಅರ್ಥ. ಇಳಿಸಿದರೂ ಕರಕರ ಹಾಗೇ ಇದ್ದರೆ ಕೇಬಲ್ ಬದಲಿಸಿ ನೋಡಿ. ಅಂದಹಾಗೆ, ನುಡಿಸಿ ಮುಗಿದ ಮೇಲೆ ಆಕ್ಟಿವ್ ಗಿಟಾರಿನಿಂದ ಕೇಬಲ್ ಕಿತ್ತಿಡಿ. ಕೇಬಲ್ ಸಿಕ್ಕಿಸಿದಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.

ಲಿಮಿಟರ್ ಲೈಟು ಬೇರೆ. ಅದು ಪವರ್ ಆಂಪಿನ ಕಡೆಯ ಮಾತು. ಇನ್ನು ಜೋರು ಆಗುವುದಿಲ್ಲ, ನಾನು ತಡೆಯುತ್ತಿದ್ದೇನೆ ಎಂದು ಹೇಳುತ್ತಿರುತ್ತದೆ. ಇದು ಆಗಾಗ ಹತ್ತಿದರೆ ಹೆದರಬೇಕಿಲ್ಲ. ಪ್ರತಿ ಕಾರ್ಯಕ್ರಮದಲ್ಲೂ ಹತ್ತಿಕೊಂಡೇ ಇದ್ದರೆ ನಿಮಗೆ ದೊಡ್ಡ ಆಂಪ್ ಬೇಕು. ವ್ಯಾಟ್ ಜಾಸ್ತಿ ಬೇಕಾ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಜೋರು ಸ್ವರಗಳನ್ನು ತಗ್ಗಿಸುವ ಕಂಪ್ರೆಸರ್ ಇರುವ ಆಂಪುಗಳಲ್ಲಿ ಅದಕ್ಕೂ ಒಂದು ಲೈಟಿರುತ್ತದೆ. ಅದು ಜೋರು ಸ್ವರಕ್ಕೆ ಹತ್ತಿ ಮೆದು ಸ್ವರಕ್ಕೆ ಆರಬೇಕು.

ಮ್ಯೂಟ್ ಲೈಟಿನ ಬಗ್ಗೆ ಒಂದು ಪ್ರಸಂಗ ಹೇಳಬೇಕು. ಒಂದು ಮದುವೆಯ ಆರತಕ್ಷತೆ, ಕಲ್ಯಾಣ ಮಂಟಪದ ವೇದಿಕೆ, ಬಾಡಿಗೆಗೆ ತಂದ ಆಂಪು. ಟ್ಯೂನ್ ಮಾಡಿಕೊಂಡೆ, ಹಾಡು ಶುರುವಾಯಿತು, ನನ್ನ ಸದ್ದೇ ಇಲ್ಲ. ಕೇಬಲ್ ಬದಲಿಸಿದೆ. ಬ್ಯಾಟರಿ ಬದಲಿಸಿದೆ. ಪಲ್ಲವಿ ಮುಗಿದು ಚರಣ ಬಂತು. ಪಕ್ಕದಲ್ಲಿದ್ದ ಕೀಬೋರ್ಡಿನ ಅಣ್ಣ ಕಣ್ಣಲ್ಲೇ ಆಂಪಿನ ಕಡೆ ತೋರಿಸಿದರು. ಇನ್‌ಪುಟ್ ತೂತಿನ ಪಕ್ಕ ಮ್ಯೂಟ್ ಎಂದು ಬರೆದಿದ್ದ ಬಟನ್, ಅದರ ಮೇಲೊಂದು ಕೆಂಪು ಚುಕ್ಕೆ ಉರಿಯುತ್ತಿತ್ತು. ಟ್ಯೂನ್ ಮಾಡುವಾಗ ಒತ್ತಿ, ಹಾಗೇ ಬಿಟ್ಟಿದ್ದೆ. ಅವತ್ತಿನಿಂದ ಸದ್ದು ಬರದಿದ್ದರೆ ನಾನು ಮೊದಲು ನೋಡುವುದು ಮ್ಯೂಟ್ ಲೈಟು, ಆಮೇಲೆ ಹೆಡ್‌ಫೋನ್ ತೂತಿನಲ್ಲಿ ಏನಾದರೂ ಸಿಕ್ಕಿಸಿದೆಯಾ ಅಂತ, ಆಮೇಲೆ ಗಿಟಾರಿನ ನಾಬು, ಕೊನೆಗೆ ಕೇಬಲ್ಲು. ವೇದಿಕೆ ಏರುವವರಿಗೆ ಮ್ಯೂಟ್ ಬಟನ್ ತುಂಬಾ ಅನುಕೂಲ. ಲೈಟಿಲ್ಲದ ಮ್ಯೂಟ್ ಬಟನ್ ಮಾತ್ರ ಬೇಡ.

ಪ್ರೊಟೆಕ್ಟ್, ಫಾಲ್ಟ್, ಟೆಂಪ್ ಎಂಬ ಲೈಟುಗಳು ದೊಡ್ಡ ಹೆಡ್ಡುಗಳಲ್ಲಿ ಇರುತ್ತವೆ. ಇವು ಹತ್ತಿದರೆ ನುಡಿಸುವುದನ್ನು ನಿಲ್ಲಿಸಿ, ಸ್ವಿಚ್ ಆರಿಸಿ. ಆಂಪು ಕಾದಿರಬಹುದು. ಗಾಳಿ ಹೋಗುವ ಕಿಂಡಿಗೆ ಬಟ್ಟೆಯೋ ಬ್ಯಾಗೋ ಅಡ್ಡ ಬಂದಿರಬಹುದು. ಸ್ಪೀಕರ್ ಕೇಬಲ್ ಶಾರ್ಟ್ ಆಗಿರಬಹುದು. ಇನ್ನೊಂದು ಕಾರಣ ಓಮ್ ಲೆಕ್ಕ, ಅಂದರೆ ಸ್ಪೀಕರು ಕರೆಂಟಿಗೆ ಒಡ್ಡುವ ತಡೆಯ ಅಳತೆ. 8 ಓಮಿನ ಎರಡು ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಸೇರಿಸಿದರೆ 4 ಓಮ್ ಆಗುತ್ತದೆ, ಮೂರನೆಯದನ್ನು ಸೇರಿಸಿದರೆ ಸುಮಾರು 2.7ಕ್ಕೆ ಇಳಿಯುತ್ತದೆ. ಆಂಪಿನ ಹಿಂದೆ ಕನಿಷ್ಠ 4 ಓಮ್ ಎಂದು ಬರೆದಿದ್ದರೆ ಮೂರನೆಯ ಕ್ಯಾಬಿನೆಟ್ ಸೇರಿಸಬಾರದು. ಹೆಡ್ಡಿನಿಂದ ಕ್ಯಾಬಿನೆಟ್ಟಿಗೆ ಗಿಟಾರ್ ಕೇಬಲ್ ಹಾಕುವುದೂ ತಪ್ಪು. ನೋಡಲು ಒಂದೇ ತರಹ ಇದ್ದರೂ ಅದರ ತಂತಿ ಸಣ್ಣದು, ಕಾಯುತ್ತದೆ.

ಓವರ್‌ಡ್ರೈವ್ ಅಂದರೆ ಬೇಕೆಂದೇ ಸದ್ದು ಒಡೆಸುವ ಸೌಕರ್ಯ. ಅದರ ಲೈಟು ಅದು ಆನ್ ಇದೆಯೋ ಇಲ್ಲವೋ ಅಷ್ಟನ್ನೇ ಹೇಳುತ್ತದೆ. ಫುಟ್‌ಸ್ವಿಚ್ ಬಳಸುವವರಿಗೆ ಬೇಕು. ಟ್ಯೂನರ್ ಲೈಟುಗಳು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಒಂದು ಕ್ಲಿಪ್ ಟ್ಯೂನರ್ ಕೊಂಡರಾಯಿತು.

ಸ್ಟ್ಯಾಂಡ್‌ಬೈ ಲೈಟು ಗಾಜಿನ ವಾಲ್ವುಗಳಿರುವ ಟ್ಯೂಬ್ ಆಂಪುಗಳದ್ದು. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ 300 ವ್ಯಾಟಿನ ಟ್ಯೂಬ್ ಹೆಡ್. ಆ ಜಾತಿಯವುಗಳಲ್ಲಿ ಮೊದಲು ಪವರ್ ಸ್ವಿಚ್ ಹಾಕಿ, ಟ್ಯೂಬುಗಳು ಬಿಸಿಯಾಗಲು ಬಿಟ್ಟು, ಆಮೇಲೆ ಸ್ಟ್ಯಾಂಡ್‌ಬೈ ತೆಗೆಯಬೇಕು. ಸ್ಪೀಕರ್ ಸಿಕ್ಕಿಸದೆ ಟ್ಯೂಬ್ ಹೆಡ್ಡನ್ನು ಯಾವತ್ತೂ ನುಡಿಸಬಾರದು. ಮೊದಲ ಆಂಪು ಕೊಳ್ಳುವವರಿಗೆ ಇದರ ಚಿಂತೆ ಬೇಡ.

ಹಾಲಿನ ಮಿಕ್ಸರಿಗೆ ಕೊಡುವ ದಾರಿ

ರಂಬಲ್ 25 ಮತ್ತು 40ರ ನಡುವೆ ಯಾವುದು ಎಂದು ಕೇಳುವವರು ಬಹಳ. 25ರಲ್ಲಿ 8 ಇಂಚಿನ ಸ್ಪೀಕರು, ಮೂರು ನಾಬಿನ ಈಕ್ಯೂ. 40ರಲ್ಲಿ 10 ಇಂಚು, ನಾಲ್ಕು ನಾಬು. ಆದರೆ ನನಗೆ ದೊಡ್ಡ ವ್ಯತ್ಯಾಸ ಅನ್ನಿಸುವುದು 40ರಲ್ಲಿರುವ ಎಕ್ಸ್‌ಎಲ್‌ಆರ್ ಲೈನ್ ಔಟ್ ಎಂಬ ಮೂರು ಪಿನ್ನಿನ ತೂತು. ಅಲ್ಲಿಂದ ಹಾಲಿನ ಮಿಕ್ಸರಿಗೆ ನೇರವಾಗಿ ಕೇಬಲ್ ಕೊಡಬಹುದು. ಆಗ ಆಂಪು ನಿಮಗೆ ಕೇಳಿಸಿದರೆ ಸಾಕು, ಜನರಿಗೆ ಕೇಳಿಸುವುದು ಹಾಲಿನ ಸ್ಪೀಕರಿನಿಂದ. 40 ವ್ಯಾಟಿನಲ್ಲಿ ದೊಡ್ಡ ಹಾಲನ್ನೂ ನಿಭಾಯಿಸಬಹುದು. ಚರ್ಚಿನಲ್ಲಿ, ಕಾಲೇಜು ಫೆಸ್ಟಿನಲ್ಲಿ, ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ನುಡಿಸುವ ಆಸೆ ಇರುವವರು ಮನೆಗಷ್ಟೇ ಆಗುವ ಆಂಪಿನ ಬದಲು ಇಂಥದ್ದನ್ನು ಮೊದಲೇ ಕೊಂಡರೆ ಎರಡನೇ ಸಲ ದುಡ್ಡು ಹಾಕುವುದು ತಪ್ಪುತ್ತದೆ.

ಕೆಲವು ಆಂಪುಗಳಲ್ಲಿ ಈ ಔಟಿನ ಪಕ್ಕ ಪ್ರೀ, ಪೋಸ್ಟ್ ಎಂಬ ಬಟನ್ ಇರುತ್ತದೆ. ಪ್ರೀ ಅಂದರೆ ಈಕ್ಯೂಗೆ ಮುಂಚಿನ ಸದ್ದು ಹೋಗುತ್ತದೆ, ನೀವು ವೇದಿಕೆಯಲ್ಲಿ ನಾಬ್ ಏನು ತಿರುಗಿಸಿದರೂ ಹಾಲಿನ ಸದ್ದು ಬದಲಾಗುವುದಿಲ್ಲ. ಪೋಸ್ಟ್ ಅಂದರೆ ನಿಮ್ಮ ಈಕ್ಯೂ ಸೇರಿಯೇ ಹೋಗುತ್ತದೆ. ಮಿಕ್ಸರಿನವರು ಪ್ರೀ ಕೇಳುವುದು ಹೆಚ್ಚು, ಕೊಡಿ. ಗ್ರೌಂಡ್ ಲಿಫ್ಟ್ ಎಂಬ ಇನ್ನೊಂದು ಬಟನ್ ಇದ್ದರೆ, ಹಾಲಿನ ಸ್ಪೀಕರಿನಲ್ಲಿ ಗುಂಯ್ ಅನ್ನುವಾಗ ಒತ್ತಿ ನೋಡಿ. ಆ ಗುಂಯ್ ನಿಲ್ಲಿಸಲೆಂದು ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅರ್ಥಿಂಗ್ ಸರಿಯಿಲ್ಲದ ಜಾಗದಲ್ಲಿ ತಂತಿ ಹಿಡಿದುಕೊಂಡು ಮೈಕಿಗೆ ತುಟಿ ತಾಗಿಸಿದರೆ ಶಾಕ್ ಹೊಡೆಯುತ್ತದೆ, ಅದು ಜೀವಕ್ಕೇ ಅಪಾಯ.

ಕರೆಂಟಿನ ವಿಷಯ

ಅಮೆರಿಕದಲ್ಲಿರುವ ನೆಂಟರಿಂದ ಆಂಪ್ ತರಿಸುವವರು ನಮ್ಮಲ್ಲಿ ಕಡಿಮೆಯಿಲ್ಲ. ಅಲ್ಲಿ 120 ವೋಲ್ಟ್, ಇಲ್ಲಿ 230. ಪರಿಚಯದ ಹುಡುಗನೊಬ್ಬ ಹೀಗೆ ಬಂದ ಆಂಪನ್ನು ಅಡಾಪ್ಟರ್ ಪ್ಲಗ್ ಹಾಕಿ ನೇರ ಗೋಡೆಗೆ ಸಿಕ್ಕಿಸಿದ. ಪವರ್ ಲೈಟು ಒಂದು ಕ್ಷಣ ಬೆಳಗಿತು, ಆಮೇಲೆ ಸುಟ್ಟ ವಾಸನೆ. ಪ್ಲಗ್ ಬದಲಿಸಿದರೆ ವೋಲ್ಟೇಜ್ ಬದಲಾಗುವುದಿಲ್ಲ. ಆಂಪಿನ ಹಿಂಭಾಗದಲ್ಲಿ ಏನು ಬರೆದಿದೆ ಎಂದು ಫೋಟೋ ತರಿಸಿ ನೋಡಿ. 100ರಿಂದ 240 ಎಂದಿದ್ದರೆ ಧೈರ್ಯವಾಗಿ ತರಿಸಿ. ವೋಲ್ಟೇಜ್ ಬದಲಿಸುವ ಸ್ವಿಚ್ ಇದ್ದರೆ ಪ್ಲಗ್ ಹಾಕುವ ಮುಂಚೆ 230ಕ್ಕೆ ಹೊರಳಿಸಿ. ಬರೀ 120 ಎಂದಿದ್ದರೆ ಸಾಕಷ್ಟು ವ್ಯಾಟಿನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದರ ಬೆಲೆ, ಭಾರ ಲೆಕ್ಕ ಹಾಕಿದರೆ ಇಲ್ಲೇ ಕೊಳ್ಳುವುದು ಲೇಸು.

ಯಾರಿಗೆ ಯಾವುದು

ಮನೆಯಲ್ಲಿ ಕಲಿಯುವವರಿಗೆ 25, 30 ವ್ಯಾಟ್, ಹೆಡ್‌ಫೋನ್ ಔಟ್, ಒಂದು ಒಳ್ಳೆಯ ಮಿಡ್ ನಾಬ್ ಸಾಕು. ಕ್ರಷ್ ಬೇಸ್ 25 ನನ್ನ ಮೊದಲ ಆಯ್ಕೆ, ಆ ಜರುಗುವ ಮಿಡ್ ಕಾರಣಕ್ಕೆ. ಏನೂ ತಲೆಕೆಡಿಸಿಕೊಳ್ಳದೆ ನುಡಿಸಬೇಕು ಅನ್ನುವವರಿಗೆ ಎಚ್‌ಡಿ25. ಮೆದುವಾಗಿ ನುಡಿಸುವ ಗುಂಪು, ಮಿಕ್ಸರ್ ಇರುವ ಹಾಲು ಅಂದರೆ ರಂಬಲ್ 40. ಮಿಕ್ಸರ್ ಇಲ್ಲದೆ ಡ್ರಮ್ ಸೆಟ್ಟಿನ ಪಕ್ಕ ನಿಲ್ಲಬೇಕಾದರೆ 100 ವ್ಯಾಟಿಗಿಂತ ಕೆಳಗೆ ಇಳಿಯಬೇಡಿ. ಆಗ ರಂಬಲ್ 100ರಂಥ 12 ಇಂಚಿನದು ನೋಡಿ. ದಿನಾ ಕಾರ್ಯಕ್ರಮ ಇರುವವರಿಗೆ ಮಾರ್ಕ್‌ಬೇಸ್, ಗ್ಯಾಲಿಯನ್ ಕ್ರೂಗರ್ ತರಹದ ಹಗುರ ಹೆಡ್ಡು, ಬೇರೆ ಕ್ಯಾಬಿನೆಟ್ಟು. ಆ ಬೆಲೆಗೆ ಹೋದಮೇಲೆ ಕ್ಲಿಪ್ ಲೈಟ್ ಇಲ್ಲದ್ದನ್ನು ಮುಟ್ಟಲೇಬೇಡಿ.

ಸೆಕೆಂಡ್ ಹ್ಯಾಂಡ್ ಆದರೆ ನಿಮ್ಮದೇ ಗಿಟಾರ್, ನಿಮ್ಮದೇ ಕೇಬಲ್ ತಗೊಂಡು ಹೋಗಿ. ಪ್ರತಿಯೊಂದು ನಾಬನ್ನೂ ಈ ತುದಿಯಿಂದ ಆ ತುದಿಗೆ ತಿರುಗಿಸಿ. ಕರಕರ ಅಂದರೆ ಅದು ಹೆಚ್ಚಾಗಿ ಧೂಳು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯಿಂದಲೇ ಹೋಗಬಹುದು. ಆದರೆ ತಿರುಗಿಸುವಾಗ ಸದ್ದು ಪೂರ್ತಿ ನಿಂತೇಹೋದರೆ ಆ ನಾಬಿನ ಹಿಂದಿರುವ ಪಾಟ್ ಎಂಬ ಬಿಡಿಭಾಗ ಬದಲಿಸಬೇಕು, ಬೆಲೆಯಲ್ಲಿ ಅದನ್ನು ಕಳೆಯಿರಿ. ಕೊನೆಯಲ್ಲಿ ಮಾಸ್ಟರ್ ಸೊನ್ನೆಗೆ ತಂದು, ಗೇನ್ ಪೂರ್ತಿ ಏರಿಸಿ ಇ ತಂತಿಯನ್ನು ಗಟ್ಟಿಯಾಗಿ ಮೀಟಿ. ಕ್ಲಿಪ್ ಲೈಟು ಹತ್ತಬೇಕು. ಹತ್ತಲಿಲ್ಲ ಅಂದರೆ ಇನ್‌ಪುಟ್ಟಿನ ಪ್ಯಾಡ್ ಬಟನ್ ಒತ್ತಿದ್ದರೆ ಅದನ್ನು ಬಿಡಿಸಿ ಇನ್ನೊಮ್ಮೆ ಮೀಟಿ. ಆಗಲೂ ಹತ್ತದಿದ್ದರೆ ಆ ಲೈಟು ಸತ್ತಿರಬಹುದು.